ಸಮುದ್ರದ ನಡುವೆ ಕುರಿಹಿಂಡು

ಅಕ್ಕೋರ ಜೊತೆ ಅಂಗಡಿಗೆ ಹೋಗುವುದೆಂದರೆ ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸುತ್ತಿತ್ತು. ಮಾಲ್ಡೀವ್ಸ್‌ನ ಆ ಪುಟ್ಟ ದ್ವೀಪದಲ್ಲಿ ಇದ್ದದ್ದೇ ಮೂರು ಅಂಗಡಿ. ಮೂರಕ್ಕೂ ಹೋಗಿ, ಎಲ್ಲ ಕಡೆ ರೇಟು ಕೇಳಿ, ಉಳ್ಳಾಗಡ್ಡಿಯನ್ನು ಒಂದೊಂದಾಗಿ ಒತ್ತಿ ನೋಡಿ, ಕೊನೆಗೆ ಮೊದಲಿನ ಅಂಗಡಿಗೇ ತಿರುಗಿ ಬಂದು ನಾಲ್ಕೇ ನಾಲ್ಕು ಗಡ್ಡೆ ಕೊಳ್ಳುವರು. "ಏ ಯಪ್ಪಾ, ಇದು ಉಳ್ಳಾಗಡ್ಡಿನೋ ಬಂಗಾರನೋ?" ಎಂದು ಅಂಗಡಿಯವನಿಗೆ ಅಚ್ಚ ಕನ್ನಡದಲ್ಲೇ ಜಬರಿಸುವರು. ಅವನಿಗೆ ಒಂದಕ್ಷರ ತಿಳಿಯದಿದ್ದರೂ ನಕ್ಕು, ಒಂದು ಸಣ್ಣ ಗಡ್ಡೆ ಮೇಲೆ ಹಾಕುತ್ತಿದ್ದ. ಗೋಕಾಕದ ಪೇಟೆಯಲ್ಲಿ ಚೀಲಗಟ್ಟಲೆ ಉಳ್ಳಾಗಡ್ಡಿ ಕೊಂಡು ಬೆಳೆದ ನಾನು ಬಾಗಿಲಾಚೆ ನಿಂತು ಸಮುದ್ರ ನೋಡುತ್ತಿರುವಂತೆ ನಟಿಸುತ್ತಿದ್ದೆ.

ಆ ಅಕ್ಕೋರು ಕಳೆದ ತಿಂಗಳು ತೀರಿಕೊಂಡರು. ಡೆಂಗ್ಯೂ ಜ್ವರ. ಹುಕ್ಕೇರಿಯಿಂದ ಬೆಳಗಾವಿಗೆ ಒಯ್ದರು. ನಡೆದುಕೊಂಡು ಗಾಡಿ ಹತ್ತಿದವರು ತಿರುಗಿ ಬರಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, "ಹೆಸರ ಹಾಕ್ಸಾಕ ಎಷ್ಟ ರೊಕ್ಕಾ ಕೊಟ್ರಿ?" ಎಂದು ಕೇಳುವ ಪೈಕಿ ಅವರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಗಳು ಯಾರೇ ಇರಲಿ ಅಕ್ಕೋರೇ. ಹಾಗೆ ನೋಡಿದರೆ ನಾನೂ ಅಕ್ಕೋರು. ನಾವಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆದುಕೊಂಡು ಐದು ವರ್ಷ ಒಂದೇ ಸೂರಿನಡಿ ಬಾಳಿದೆವು.

ಅಲ್ಲಿನ ಶಾಲೆಯಲ್ಲಿ ಕಲಿಸಲೆಂದು ಗಂಡ ಹೆಂಡಿರ ಎರಡು ಜೋಡಿಗಳೂ ಒಂದೇ ದೋಣಿಯಲ್ಲಿ ಆ ದ್ವೀಪಕ್ಕೆ ಇಳಿದಿದ್ದೆವು. ನಾನು ಜೀವಶಾಸ್ತ್ರ, ನಮ್ಮವರು ಭೌತಶಾಸ್ತ್ರ. ಅಕ್ಕೋರು ಗಣಿತ, ಅವರ ಯಜಮಾನರು ಅಕೌಂಟ್ಸ್. ಬೆಳಗಾವಿ ಜಿಲ್ಲೆಯವರು ಎಂಬ ಒಂದೇ ಗುರುತಿನ ಮೇಲೆ ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಹಿಡಿದೆವು. ಬಾಡಿಗೆ ಅರ್ಧರ್ಧ ಎಂದು ನಾನು ಹೇಳಿದೆ. ಅಕ್ಕೋರು ಎರಡೂ ಕೋಣೆಗಳನ್ನು ಗೇಣು ಹಾಕಿ ಅಳೆದರು. ನಮ್ಮದು ಎರಡು ಗೇಣು ದೊಡ್ಡದು ಎಂದು ತೋರಿಸಿಕೊಟ್ಟು, ಅದಕ್ಕೆ ತಕ್ಕಂತೆ ನಮ್ಮ ಪಾಲು ಏರಿಸಿದರು. ಇವಳೊಂದಿಗೆ ಬಾಳುವೆ ಕಷ್ಟ ಎಂದು ನಾನು ಆ ದಿನವೇ ನಮ್ಮವರ ಕಿವಿಯಲ್ಲಿ ಹೇಳಿದೆ.

ಅವರು ಮಮದಾಪುರದ ಕುರಿಗಾರರ ಮನೆಯ ಮಗಳು. ಆ ಮನೆತನದಲ್ಲಿ ಡಿಗ್ರಿ ಮುಟ್ಟಿದವರಲ್ಲಿ ಮೊದಲಿನವರು. ಹುಕ್ಕೇರಿ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದು, ಗಂಡ ಹೆಂಡತಿ ಇಬ್ಬರೂ ಒಂದು ಖಾಸಗಿ ಶಾಲೆಯಲ್ಲಿ ವರ್ಷಾನುಗಟ್ಟಲೆ ದುಡಿದರು. ಅಲ್ಲಿ ಪಗಾರ ಎನ್ನುವುದು ಹಬ್ಬಕ್ಕೊಮ್ಮೆ ಬರುವ ನೆಂಟ. ಮನೆ ನಡೆದದ್ದು ಸಾಲದಿಂದ. ಬ್ಯಾಂಕಿನಲ್ಲಿ ಬಂಗಾರ ಅಡವಿಟ್ಟದ್ದು, ಸೊಸೈಟಿಯದು, ಕಿರಾಣಿ ಅಂಗಡಿಯ ಉದ್ರಿ. ಇದೆಲ್ಲ ತೀರಬೇಕಾದರೆ ಹೊರದೇಶಕ್ಕೆ ಹೋಗುವುದೇ ದಾರಿ ಎಂದು ಯಾರೋ ಹೇಳಿದರು. ಹೋಗಲಿಕ್ಕೆ ಏಜೆಂಟನ ಫೀ, ಕಾಗದಪತ್ರ, ವಿಮಾನ, ಎಲ್ಲವೂ ಇಬ್ಬರಿಗೆ. ಸಾಲ ತೀರಿಸಲು ಇನ್ನೊಂದು ದೊಡ್ಡ ಸಾಲ ಬೇಕಾಯಿತು. ಅದನ್ನು ಕೊಟ್ಟವನು ಅವರ ಅಣ್ಣ. ಅವನ ಹತ್ತಿರ ರೊಕ್ಕ ಎಲ್ಲಿತ್ತು? ಇದ್ದದ್ದು ಕುರಿ. ಅರವತ್ತು ಕುರಿಯ ಹಿಂಡನ್ನು ಮೂಡಲಗಿ ಸಂತೆಗೆ ಹೊಡೆದುಕೊಂಡು ಹೋಗಿ ಒಂದೇ ಮುಂಜಾನೆಯಲ್ಲಿ ಮಾರಿಬಿಟ್ಟ.

ಆ ಮುಂಜಾನೆಯ ಕಥೆಯನ್ನು ಅಕ್ಕೋರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಮೀನು ಹಸನು ಮಾಡುತ್ತ ಕುಳಿತರೆಂದರೆ ಅದೇ ಕಥೆ.

"ಲಾರಿ ಹತ್ತಾಕ ಒಲ್ಲೆ ಅಂದ್ವ್ರಿ ಕುರಿ. ಸಂತ್ಯಾನ ಮಂದಿ ಬಡದ್ರೂ ಹತ್ತಲಿಲ್ಲ. ಕಡೀಕ ನಮ್ಮಣ್ಣಾ ತಾನ ಮೊದಲ ಲಾರಿ ಹತ್ತಿ ಒಳಗ ನಿಂತು ಕರದಾ. ಕರದ ಕೂಡ್ಲೇ ಒಂದರ ಹಿಂದ ಒಂದ ಎಲ್ಲಾ ಹತ್ತಿದ್ವು. ಆಮ್ಯಾಲ ಅಂವಾ ಒಬ್ಬನ ಇಳದಾ." ಇಷ್ಟು ಹೇಳಿ ಚಾಕುವನ್ನು ಕೆಳಗಿಟ್ಟು, ಮೊಳಕೈಯಿಂದ ಕಣ್ಣೊರೆಸಿಕೊಳ್ಳುವರು. "ರೊಕ್ಕಾ ನನ್ನ ಕೈಯಾಗ ಇಟ್ಟ, ಚಹಾ ಕುಡ್ಯೋಣ ನಡಿ ಅಂದ. ನಮ್ಮ ನಾಯಿ ಲಾರಿ ಹಿಂದ ಓಡಿ ಹೋಗಿತ್ತು. ಅದು ಬರೂತನಕಾ ನಾವು ಸಂತ್ಯಾಗ ಕುಂತ್ವಿ."

ಹಿಂಡು ಹೋದ ಮೇಲೆ ಅಣ್ಣ ಮೂಡಲಗಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಹಮಾಲಿಗೆ ಸೇರಿದ. ವರ್ಷದಲ್ಲಿ ಆರು ತಿಂಗಳು ಊರೂರು ತಿರುಗಿ, ಗೊಬ್ಬರಕ್ಕಾಗಿ ರಾತ್ರಿ ಹೊಲಗಳಲ್ಲಿ ಕುರಿ ತರುಬಿ, ಬಯಲಲ್ಲೇ ಮಲಗುತ್ತಿದ್ದ ಮನುಷ್ಯ ಜೋಳದ ಚೀಲ ಹೊರಲು ನಿಂತ. ಅಕ್ಕೋರಿಗೆ ಇದು ಹೊಟ್ಟೆಯೊಳಗಿನ ಬೆಂಕಿ. ಬ್ಯಾಂಕಿನ ಸಾಲ, ಸೊಸೈಟಿ ಸಾಲ ಅವರ ಲೆಕ್ಕದಲ್ಲಿ ಸಾಲವೇ ಅಲ್ಲ. ಅಣ್ಣನಿಗೆ ಅವನ ಹಿಂಡು ತಿರುಗಿ ಮುಟ್ಟಿಸಬೇಕು, ಅದೊಂದೇ.

ಪಗಾರದ ದಿನ ನಮ್ಮ ಅಡುಗೆಮನೆಯಲ್ಲಿ ದರಬಾರು. ಅಲ್ಲಿಯ ನಾಣ್ಯವನ್ನು ಡಾಲರ್ ಮಾಡಿ ಊರಿಗೆ ಕಳಿಸುವುದೇ ಒಂದು ಸಾಹಸ. ಡಾಲರ್ ಯಾರ ಹತ್ತಿರ ಇದೆ, ಯಾವ ದರಕ್ಕೆ ಕೊಡುತ್ತಾರೆ ಎಂದು ನಾವೆಲ್ಲ ದ್ವೀಪ ಸುತ್ತುತ್ತಿದ್ದೆವು. ಅಕ್ಕೋರ ನಿಯಮ ಸರಳ: "ಒಬ್ಬರ ಪಗಾರ ಇಲ್ಲಿ ನುಂಗಾಕ, ಒಬ್ಬರ ಪಗಾರ ಊರಾಗ ಉಗುಳಾಕ." ನುಂಗುವ ಪಗಾರದಲ್ಲೂ ಅರ್ಧ ಉಳಿಯಲೇಬೇಕು. ಎರಡು ವರ್ಷಕ್ಕೊಮ್ಮೆ ಊರಿಗೆ ಬರಲು ಸಿಗುತ್ತಿದ್ದ ಟಿಕೆಟ್ಟಿನ ಬದಲು ರೊಕ್ಕವನ್ನೇ ಇಸಿದುಕೊಂಡರು. ಸಂಜೆ ಮೀನುಗಾರರ ದೋಣಿ ಬಂದಾಗ ದಂಡೆಯಲ್ಲಿ ಹೋಗಿ ನಿಲ್ಲುವರು. ಆ ಮಂದಿ ತಮ್ಮ ಮಕ್ಕಳ ಟೀಚರಿಗೆ ಒಂದು ಮೀನು ಪುಕ್ಕಟೆ ಕೊಡದೇ ಕಳಿಸುತ್ತಿರಲಿಲ್ಲ. ಮೀನು, ಅಕ್ಕಿ, ಅಷ್ಟೇ ಅವರ ಊಟ. ನಮಗಿಬ್ಬರಿಗೆ ಮೀನು ನಡೆಯುವುದಿಲ್ಲ. ಹಡಗಿನಲ್ಲಿ ಬರುವ ಬದನೆಕಾಯಿ, ಬೆಂಡೆಕಾಯಿಗೆ ನಾವು ಕೇಳಿದಷ್ಟು ಸುರಿಯುತ್ತಿದ್ದೆವು. "ನಿಮ್ಮ ಹೊಟ್ಟಿ ಭಾಳ ತುಟ್ಟಿ ಐತ್ರಿ ಅಕ್ಕೋರ" ಎಂದು ಅವರು ನನ್ನನ್ನು ಅಣಕಿಸುತ್ತಿದ್ದರು. ಜಿಪುಣಿ ಎಂದು ನಾನು ಎದುರಿಗೇ ಅನ್ನುತ್ತಿದ್ದೆ. ಒಮ್ಮೆ ನನಗೆ ವಾರಗಟ್ಟಲೆ ಜ್ವರ ಬಂತು. ಬಾಯಿಗೆ ಏನೂ ಸೇರದಾದಾಗ ಅದೇ ಜಿಪುಣಿ ಎರಡು ದಾಳಿಂಬೆ ತಂದು ಬಿಡಿಸಿ ಬಾಯಿಗಿಟ್ಟರು. ಆ ದ್ವೀಪದಲ್ಲಿ ದಾಳಿಂಬೆಗೆ ಏನು ಬೆಲೆ ಎಂಬುದು ನನಗೆ ಗೊತ್ತಿತ್ತು. ದುಡ್ಡು ಕೊಡಹೋದರೆ, "ಜ್ವರದಾಗ ಬಡಬಡಸಾಕತ್ತೀರಿ, ಸುಮ್ನ ಮಕ್ಕೋರ್ರಿ" ಎಂದು ಗದರಿದರು.

ಕುರಿಯ ಲೆಕ್ಕ ಬಂದಾಗ ಮಾತ್ರ ಗಂಡ ಹೆಂಡತಿಗೆ ಜಟಾಪಟಿ. ಯಜಮಾನರದು ನೇರ ಲೆಕ್ಕ. ಆ ದಿನ ಸಂತೆಯಲ್ಲಿ ಬಂದ ರೊಕ್ಕ ಇಷ್ಟು, ಬ್ಯಾಂಕಿನ ಬಡ್ಡಿ ಹಾಕಿದರೆ ಇಷ್ಟು, ತೀರಿಸಿದರೆ ಮುಗಿಯಿತು.

"ನಮ್ಮಣ್ಣಾ ರೊಕ್ಕಾ ಕೊಟ್ಟಾನೇನ್ರಿ? ಕುರಿ ಕೊಟ್ಟಾನ" ಎನ್ನುವರು ಅಕ್ಕೋರು. "ರೊಕ್ಕಕ್ಕ ಬಡ್ಡಿ ಹತ್ತತೈತಿ. ಕುರಿ ಮರಿ ಹಾಕ್ತಾವ."

"ಮಾರಿದ ಕುರಿ ಎಲ್ಲಿ ಮರಿ ಹಾಕ್ತಾವ?"

"ಮಾರದಿದ್ರ ಹಾಕ್ತಿದ್ದಿಲ್ಲೇನು? ಎರಡ ವರ್ಷಕ್ಕ ಮೂರ ಸಲ ಈಯತಾವ. ಟಗರ ಮರಿ ಮಾರಿ ಮನಿ ನಡಸ್ತಿದ್ದ, ಹೆಣ್ಣ ಮರಿ ಹಿಂಡಿನ್ಯಾಗ ಉಳೀತಿದ್ವು. ಆ ಹಿಂಡ ಈಗ ಎಷ್ಟ ಆಗಿರ್ತಿತ್ತು, ಅಷ್ಟ ಕೊಡಬೇಕು. ಅದು ನ್ಯಾಯ."

ತರಗತಿಯಲ್ಲಿ ಡೆಬಿಟ್ ಕ್ರೆಡಿಟ್ ಕಲಿಸುವ ಮನುಷ್ಯ ಮನೆಯಲ್ಲಿ ಪ್ರತಿ ತಿಂಗಳೂ ಸೋಲುತ್ತಿದ್ದರು. ಹೀಗೆ, ಮೇಯಲು ಒಂದು ಗರಿಕೆಯೂ ಇಲ್ಲದ ಆ ಉಸುಕಿನ ದ್ವೀಪದಲ್ಲಿ, ಸಮುದ್ರದ ನಡುವೆ, ಒಂದು ಕುರಿಹಿಂಡು ವರ್ಷದಿಂದ ವರ್ಷಕ್ಕೆ ಬೆಳೆಯತೊಡಗಿತು. ಅರವತ್ತು ಎಂಬತ್ತಾಯಿತು. ಎಂಬತ್ತು ನೂರು ದಾಟಿತು. ಶಾಲೆಯಿಂದ ಬರುವ ದಾರಿಯಲ್ಲಿ ಅಕ್ಕೋರು ಇದ್ದಕ್ಕಿದ್ದಂತೆ, "ಈಗ ಬೋರಿ ಈದಿರ್ತಾಳ ನೋಡ್ರಿ" ಎನ್ನುವರು. ಬೋರಿ ಅವರ ಅಣ್ಣನ ಹಿಂಡಿನ ಮುಂದೆ ನಡೆಯುತ್ತಿದ್ದ ಮುಂಗುರಿ. ನಮ್ಮವರು ಒಮ್ಮೆ ತಮಾಷೆಗೆ, "ಬೋರಿ ಯಾರದೋ ತಾಟಿನ್ಯಾಗ ಬಿದ್ದ ನಾಕ ವರ್ಷ ಆತ್ರಿ" ಎಂದುಬಿಟ್ಟರು. ಅವರಿಗೆ ಒಂದು ವಾರ ಆ ಅಡುಗೆಮನೆಯಲ್ಲಿ ಚಹಾ ಹುಟ್ಟಲಿಲ್ಲ.

ಒಂದು ವರ್ಷ ನಮ್ಮ ಕಡೆ ಕುರಿಗಳಿಗೆ ಬೇನೆ ಬಂತು. ಮಮದಾಪುರ ಸುತ್ತಲಿನ ಹಿಂಡುಗಳಲ್ಲಿ ಬಹಳ ಕುರಿ ಸತ್ತವು ಎಂದು ಫೋನಿನಲ್ಲಿ ಸುದ್ದಿ. ಯಜಮಾನರಿಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತೆಂದು ಕಾಣುತ್ತದೆ. "ಹಂಗಾದ್ರ ಈ ವರ್ಷ ನಿಮ್ಮಣ್ಣನ ಲೆಕ್ಕದಾಗ ಇಪ್ಪತ್ತ ಕುರಿ ಕಡಿಮಿ ಮಾಡೋಣ" ಎಂದರು. ನ್ಯಾಯವಾದ ಮಾತೇ. ಅಕ್ಕೋರು ಒಪ್ಪಲಿಲ್ಲ.

"ಉಳಿದವರ ಕುರಿ ಸತ್ತಿರಬೇಕು. ನಮ್ಮಣ್ಣನ ಕುರಿ ಸಾಯ್ತಿದ್ದಿಲ್ಲ."

"ಯಾಕ ಸಾಯ್ತಿದ್ದಿಲ್ಲ?"

"ಅಂವಾ ನೋಡ್ಕೋತಿದ್ದ."

ಗಣಿತ ಕಲಿಸುವ ಹೆಂಗಸು! ನನಗೆ ನಗು ಬಂತು. ಅಕೌಂಟ್ಸ್ ಮಾಸ್ತರರು ಪೆನ್ನು ಕಿಸೆಗಿಟ್ಟುಕೊಂಡು ಎದ್ದು ದಂಡೆಗೆ ಹೋದರು.

ಐದನೆಯ ವರ್ಷದ ಹೊತ್ತಿಗೆ ಊರಿನ ಎಲ್ಲ ಸಾಲ ಹರಿದಿತ್ತು. ಬ್ಯಾಂಕಿನ ಬಂಗಾರ ಬಿಡಿಸಿಕೊಂಡಾಗಿತ್ತು. ಅಣ್ಣನಿಗೂ ಯಜಮಾನರು ತಮ್ಮ ಲೆಕ್ಕದ ಪ್ರಕಾರ ಬಡ್ಡಿ ಸಮೇತ ರೊಕ್ಕ ಕಳಿಸಿದರು. ಅಣ್ಣ ಫೋನು ಮಾಡಿದ. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು. "ಮುಟ್ಟೇತವಾ. ಎಲ್ಲಾ ಮುಟ್ಟೇತಿ. ಇನ್ನ ಬಂದ್ಬಿಡು." ಅಕ್ಕೋರು, "ಇಲ್ಲೋ ಯಣ್ಣಾ, ಇನ್ನೂ ಐತಿ" ಎಂದರು. ಅವನು ಏನೋ ಹೇಳಲು ಹೋದ. ಲೈನು ಹೋಯಿತು.

ನಾನು ಆಗ ಬಸುರಿ. ಬಾಣಂತನಕ್ಕೆ ಊರಿಗೆ ಬರಲೇಬೇಕು, ಬಂದರೆ ಒಬ್ಬರ ಪಗಾರ ನಿಲ್ಲುತ್ತದೆ. ಗೋಕಾಕದಲ್ಲಿ ಎರಡು ಕೋಣೆ ಕಟ್ಟುವಷ್ಟು ಕೂಡಿತ್ತು, ಸಾಕು ಎಂದು ನಾವು ಗಂಟು ಕಟ್ಟಿದೆವು. ಅಕ್ಕೋರು ನನಗೆ ದಿನಾಲು ಮಜ್ಜಿಗೆ ಮಾಡಿಕೊಡುತ್ತಿದ್ದರು, ಕಾಲು ತಿಕ್ಕುತ್ತಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಒದೆಯುವುದನ್ನು ಕಾಯುತ್ತ ಕೂರುತ್ತಿದ್ದರು. ಒಂದು ಸಂಜೆ ಅದನ್ನು ನೋಡಿದ ಅವರ ಯಜಮಾನರು ತಡೆಯಲಾರದೆ ಕೇಳಿದರು.

"ನಿಮ್ಮಣ್ಣನ ಕುರಿ ವರ್ಷಾ ವರ್ಷಾ ಈಯತಾವ. ನಮ್ಮ ಮನ್ಯಾಗ ತೊಟ್ಟಲಾ ಯಾವಾಗ ಕಟ್ಟೂದು?"

ಅಕ್ಕೋರು ನನ್ನ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. "ಇದೊಂದ ತೀರ್ಲಿ. ಇನ್ನೊಂದ ಕರಾರು, ಎರಡ ವರ್ಷ ಅಷ್ಟ. ಆಮ್ಯಾಲ ನಾ ಯಾರ ಕೈಯಾಗೂ ಸಿಗೂದಿಲ್ಲ, ಊರಿಗೆ ಹೋಗಿ ಒಂದರ ಹಿಂದ ಒಂದ ಹಡಿತೇನಿ" ಎಂದರು. ನಾವೆಲ್ಲ ನಕ್ಕೆವು. ಯಜಮಾನರೂ ನಕ್ಕರು.

ಒಂದು ಕರಾರು ಎಂದದ್ದು ಎರಡಾಯಿತು. ನಾವು ಬಂದ ನಾಲ್ಕು ವರ್ಷದ ನಂತರ ಅವರು ಬಂದರು. ಆಗ ಅವರಿಗೆ ನಲವತ್ತು ದಾಟಿತ್ತು. ಬಂದ ಹೊಸದರಲ್ಲಿ ಬೆಳಗಾವಿಯ ಡಾಕ್ಟರೊಬ್ಬರ ಹತ್ತಿರ ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರು ವಯಸ್ಸಿನ ಮಾತು ತೆಗೆದರು; ಸೌಮ್ಯವಾಗಿಯೇ ಹೇಳಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಅಕ್ಕೋರು ಸೆರಗಿನಿಂದ ಬಾಯಿ ಒತ್ತಿಕೊಂಡರು. ನಾನೂ ಅತ್ತೆ. ಬಸ್ಸು ಹುಕ್ಕೇರಿ ಮುಟ್ಟಿತು. ಇಳಿಯುವಾಗ ಅವರೇ ಹೇಳಿದರು, "ಬರೂ ಸಂತಿಗೆ ಕುರಿ ತರಾಕ ಹೋಗೂದೈತಿ. ನೀವೂ ಬರ್ರಿ ಅಕ್ಕೋರ. ನಿಮ್ಮ ಕಣ್ಲೇ ನೋಡ್ರಿ."

ಮೂಡಲಗಿ ಸಂತೆಯಲ್ಲಿ ಅವರನ್ನು ನೋಡಬೇಕಿತ್ತು. ಒಂಬತ್ತು ವರ್ಷ ಒಂದು ಉಳ್ಳಾಗಡ್ಡಿಗೆ ಜಗಳ ಮಾಡಿದ ಹೆಂಗಸು ಆ ದಿನ ಚೌಕಾಸಿಯನ್ನೇ ಮಾಡಲಿಲ್ಲ. ಎಲ್ಲಿ ಚಲೋ ಕುರಿ ಕಂಡಿತೋ ಅಲ್ಲಿ ನಿಂತು, ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನ ಮೇಲೆ ಕೈ ಒತ್ತಿ, ಹೇಳಿದ ಬೆಲೆ ಎಣಿಸಿ ಕೊಟ್ಟರು. ಅಣ್ಣ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ಚೀಲ ಹೊತ್ತು ಹೊತ್ತು ಅವನ ಒಂದು ಭುಜ ಇಳಿದಿತ್ತು; ಮೊಳಕಾಲು ಮಡಚಲು ಬರುತ್ತಿರಲಿಲ್ಲ. "ಸಾಕವಾ, ಸಾಕು" ಎಂದು ಎರಡು ಮೂರು ಸಲ ಅಂದ. ಅಕ್ಕೋರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ನೂರೈವತ್ತು ತುಂಬಿದ ಮೇಲೆಯೇ ಕೈ ಬಿಟ್ಟರು.

ಮಮದಾಪುರಕ್ಕೆ ಹೊಡೆದುಕೊಂಡು ಹೊರಟಾಗ ಫಜೀತಿ ಶುರುವಾಯಿತು. ಅಷ್ಟೂ ಕುರಿ ಮೂವತ್ತು ನಲವತ್ತು ಮನೆಯವು. ಒಂದು ಬಲಕ್ಕೆ ಹೋದರೆ ಇನ್ನೊಂದು ಎಡಕ್ಕೆ. ಮುಂದೆ ನಡೆಯುವ ಕುರಿ ಇಲ್ಲ, ಅದರ ಹಿಂದೆ ಬರುವವೂ ಇಲ್ಲ. ಟಗರುಗಳು ದಾರಿಯಲ್ಲೇ ಹಣೆ ಹಣೆ ಗುದ್ದಿಕೊಂಡವು. ಅಣ್ಣ ನಾಲಿಗೆ ಮಡಚಿ ಹಳೆಯ ಕೂಗು ಹಾಕಿದ. ಒಂದು ಕುರಿಯೂ ತಲೆ ಎತ್ತಿ ನೋಡಲಿಲ್ಲ. ಕಬ್ಬಿನ ಹೊಲಗಳಿಗೆ ನುಗ್ಗಿದವನ್ನು ಹೊರಗೆ ಎಳೆಯುವುದರಲ್ಲಿ ನಾವೆಲ್ಲ ಹಣ್ಣಾದೆವು. ಹೊಲದವರು ಬೈದರು. ಮೊದಲಿದ್ದ ಗಾಯರಾಣ, ಊರಿನ ಗೋಮಾಳ, ಈಗ ಕಬ್ಬಾಗಿದೆ. ಮೇಯಲು ಬಿಡುವ ಜಾಗವಾದರೂ ಎಲ್ಲಿದೆ? ದಾರಿಯ ಪಕ್ಕ ಕುಳಿತು ಬೆವರು ಒರೆಸಿಕೊಳ್ಳುತ್ತ ಅಣ್ಣ ನನ್ನೆದುರು ಮೆಲ್ಲಗೆ ಹೇಳಿದ, "ಇದು ಹಿಂಡಲ್ಲರಿ ಅಕ್ಕೋರ. ಸಂತಿ ಎದ್ದ ಬಂದೇತಿ." ತಂಗಿಯ ಮುಂದೆ ಮಾತ್ರ, "ಭಾರಿ ಆತು ಬಿಡವಾ, ಇಂಥಾ ಮಾಲು ನಮ್ಮಪ್ಪನ ಕೈಯಾಗೂ ಇದ್ದಿದ್ದಿಲ್ಲ" ಎಂದ.

ದಲ್ಲಾಳಿ ಅಂಗಡಿ ಬಿಟ್ಟು, ನೋಯುವ ಮೊಳಕಾಲಿನಲ್ಲಿ ಆ ನೂರೈವತ್ತರ ಬೆನ್ನು ಹತ್ತಿದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ಹೇಗೋ ಒಂದರ ಮೈಗೆ ಒಂದು ತಾಕಿ ನಡೆಯುವುದನ್ನು ಕಲಿತವು. ಅಕ್ಕೋರು ತಿಂಗಳಿಗೊಮ್ಮೆ ಹುಕ್ಕೇರಿಯಿಂದ ಬಸ್ಸು ಹಿಡಿದು ಗೋಕಾಕದಲ್ಲಿ ನಮ್ಮ ಮನೆಗೆ ಬಂದು, ಚಹಾ ಕುಡಿದು, ಮಮದಾಪುರಕ್ಕೆ ಹೋಗುವರು. ಹಟ್ಟಿಯ ಬೇಲಿ ಹಿಡಿದು ನಿಂತು ನೋಡುವರು. ತಿರುಗಿ ಬರುವಾಗ ಅವರ ಮುಖದಲ್ಲಿ ನಾನು ದ್ವೀಪದಲ್ಲಿ ಒಂದು ದಿನವೂ ಕಾಣದ ಕಳೆ. "ಈಗ ಉಂಡದ್ದ ಮೈಗೆ ಹತ್ತಾಕತ್ತೇತ್ರಿ ಅಕ್ಕೋರ" ಎನ್ನುತ್ತಿದ್ದರು. ಮೈ ತುಸು ತುಂಬಿಕೊಂಡಿದ್ದೂ ನಿಜ. ಹುಕ್ಕೇರಿಯಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಹೊಸ ಸೀರೆ ಉಡಲು ಶುರು ಮಾಡಿದ್ದರು. ಅಷ್ಟರಲ್ಲಿ ಈ ಜ್ವರ.

ಮಣ್ಣು ಮಾಡಿದ ಮರುದಿನ ನಾನು ಅವರ ಊರಿಗೆ ಹೋದೆ. ಯಜಮಾನರು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಣ್ಣ ಹೊರಗೆ ಕಟ್ಟೆಯ ಮೇಲೆ, ಮಡಚಲಾರದ ಕಾಲು ಮುಂದೆ ಚಾಚಿ ಕುಳಿತಿದ್ದ. ನಾನು ಪಕ್ಕದಲ್ಲಿ ಕುಳಿತೆ. ಬಾಯಿಗೆ ಬಂದದ್ದು ಹೇಳಿದೆ.

"ಸಮಾಧಾನ ಮಾಡ್ಕೋರ್ರಿ. ನಿಮ್ಮ ಸಾಲಾ ತೀರಿಸಿ ಹೋದ್ರು ಅಕ್ಕೋರು. ಅದೊಂದ ಸಮಾಧಾನ ಇತ್ತು ಅವರಿಗೆ."



"ಹಿಂಡ ಮಾರಿದ ದಿನಾ ಸಂತ್ಯಾಗ ಚಹಾ ಕುಡಿಯಾಕ ಕುಂತಿದ್ವಿರಿ" ಎಂದ. "ಯಣ್ಣಾ, ಇದನ್ನ ಹ್ಯಾಂಗ ತೀರಿಸ್ಲಿ ಅಂತ ಕೇಳಿದ್ಲು. ನಾ ಅಂದೆ, ರೊಕ್ಕಾ ಬ್ಯಾಡ, ಕುರಿ ಬ್ಯಾಡ. ಒಂದ ಕೂಸ ಹಡದ ತಂದ ನನ್ನ ತೊಡಿ ಮ್ಯಾಲ ಕುಂದರ್ಸು. ಸೋದರಮಾವ ಆಗಿ ಅದರ ಹುಟ್ಟಗೂದಲಾ ಕತ್ತರಿಸಿ ಜವಳಾ ತೆಗಸ್ತೇನಿ. ಅಲ್ಲಿಗೆ ನಿನ್ನ ಸಾಲಾ ಮುಟ್ಟಿತು ಅಂತ ತಿಳ್ಕೋ ಅಂದೆ."

ಚಾಚಿದ ತೊಡೆಯ ಮೇಲೆ ಕೈಯಾಡಿಸಿದ.

"ಆಕಿ ನಕ್ಳು. ಚೇಷ್ಟಿ ಮಾಡಾಕತ್ತೇನಿ ಅಂತ ತಿಳ್ಕೊಂಡ್ಲು. ನಾ ಖರೇನ ಅಂದಿದ್ದೆರಿ."